4.35 ಮತ್ತು ಅದನ್ನು ಹಿಡಿದವರು

ಕಳೆದ ಶನಿವಾರ ಕೊನೆಯ ಹಾಲಿನ ಸಂಘದ ಬಾಕಿಯೂ ಬಟವಾಡೆ ಆಯಿತು. ಏಳು ತಿಂಗಳಿನಿಂದ ನಡೆಯುತ್ತಿದ್ದ ಕೆಲಸ. ಅವತ್ತು ರಾತ್ರಿ ಒಳ್ಳೆ ನಿದ್ದೆ ಬಂತು. ಥ್ಯಾಂಕ್ಸ್ ಹೇಳಬೇಕಾದವರಿಗೆಲ್ಲ ಫೋನ್ ಮಾಡಿ ಹೇಳಿದ್ದೇನೆ. ಆದರೂ ನಾಲ್ಕು ಜನರ ಎದುರು ಹೇಳಬೇಕು ಅನ್ನಿಸಿತು. ತಪ್ಪು ಮಾಡಿದ್ದು ನಾನು, ಅದು ಸರಿಹೋಗಿದ್ದು ಬೇರೆಯವರಿಂದ.

ನಾನು ಹಾಲಿನ ಡೈರಿಗಳಿಗೆ ಸಾಫ್ಟ್‌ವೇರ್ ಬರೆಯುವವನು. ಡೈರಿ ಅಂದರೆ ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘ. ಬೆಳಿಗ್ಗೆ, ಸಂಜೆ ಜನ ಬಂದು ಹಾಲು ಹಾಕುತ್ತಾರೆ. ತೂಕ ಆಗುತ್ತದೆ, ಮೆಷಿನ್ ಫ್ಯಾಟ್ (ಹಾಲಿನ ಕೊಬ್ಬಿನಂಶ) ತೋರಿಸುತ್ತದೆ, ಚೀಟಿ ಬರುತ್ತದೆ. ಆ ಚೀಟಿಯ ಮೇಲಿನ ಲೆಕ್ಕ ನಮ್ಮದು.

ಹಾಸನದ ಕಡೆಯ ಒಂದು ಸಂಘದ ಕಾರ್ಯದರ್ಶಿಗಳು ಮೊದಲ ಸಲ ಫೋನ್ ಮಾಡಿದಾಗ ನಾನು ಊಟಕ್ಕೆ ಕೂತಿದ್ದೆ. "ಸಾರ್, ಒಬ್ಬರು ಅಜ್ಜಿ ದುಡ್ಡು ಕಮ್ಮಿ ಬರ್ತಿದೆ ಅಂತಾರೆ. ಒಂದೊಂದು ದಿನ ಎರಡು ರೂಪಾಯಿ" ಎಂದರು. "ರೌಂಡಿಂಗ್ ಇರುತ್ತೆ ಸಾರ್, ಬಿಡಿ" ಎಂದೆ. ನೋಡಲೂ ಇಲ್ಲ. ಎರಡನೇ ಸಲವೂ ಅದೇ ಮಾತು. ಮೂರನೇ ಸಲ ಅವರು ಫೋನ್ ಮಾಡಲಿಲ್ಲ, ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು.

ಗೋಡೆಗೆ ನೇತು ಹಾಕಿದ್ದ ಕ್ಯಾಲೆಂಡರ್ ಅದು. ಚೀಟಿಯ ಶಾಯಿ ಸ್ವಲ್ಪ ದಿನಕ್ಕೆ ಮಾಸಿಹೋಗುತ್ತದಲ್ಲ, ಅದಕ್ಕೇ ಅಜ್ಜಿ ಮೊಮ್ಮಗಳ ಕೈಯಲ್ಲಿ ದಿನವೂ ಬರೆಸುತ್ತಿದ್ದರು. ಪ್ರತಿ ತಾರೀಖಿನ ಮನೆಯಲ್ಲಿ ಪೆನ್ಸಿಲಿನಲ್ಲಿ ಲೀಟರ್, ಫ್ಯಾಟ್, ದುಡ್ಡು. ಆ ಹುಡುಗಿ ಕೆಲವು ಮನೆಗಳಿಗೆ ಗುಂಡು ಸುತ್ತಿದ್ದಳು. ಸುತ್ತಿದ ಎಲ್ಲ ಕಡೆ ಫ್ಯಾಟ್ ಒಂದೇ: 4.35.

ನಮ್ಮ ದರಪಟ್ಟಿ 0.1 ಫ್ಯಾಟಿಗೆ ಒಂದು ಸಾಲು. ದಶಮಾಂಶದ ನಂತರದ ಎರಡನೇ ಅಂಕಿ 5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮುಂದಿನ ಸಾಲಿನ ದರ ಕೊಡಬೇಕು. ಅಂದರೆ 4.35 ಬಂದರೆ 4.4ರ ದರ. ನಾನು ಫ್ಯಾಟನ್ನು 100ರಿಂದ ಗುಣಿಸಿ, ಪೂರ್ಣಾಂಕ ಮಾಡಿಕೊಂಡು ಸಾಲು ಹುಡುಕುತ್ತಿದ್ದೆ. 4.35 ಗುಣಿಸು 100 ಅಂದರೆ 435, ಅಲ್ವಾ? ಪೈಥಾನ್, ಜಾವಾಸ್ಕ್ರಿಪ್ಟ್ ಅಂತ ನಾವು ಕೋಡ್ ಬರೆಯುವ ಭಾಷೆಗಳಿವೆ, ಅದರಲ್ಲಿ ಮಾಡಿ ನೋಡಿ. 434.99999999999994 ಎನ್ನುತ್ತದೆ. ನಾನು ಅದರ ಬಾಲ ಕತ್ತರಿಸಿ 434 ಮಾಡುತ್ತಿದ್ದೆ. ಅಜ್ಜಿಗೆ 4.3ರ ದರ. ಆರು ಲೀಟರಿಗೆ ಹತ್ತಿರ ಹತ್ತಿರ ಎರಡು ರೂಪಾಯಿ ಖೋತಾ.

ಕೋಡ್ ಸರಿಯಿದೆಯೇ ಎಂದು ನೋಡುವ ಟೆಸ್ಟ್ ಬರೆದಿರಲಿಲ್ಲವೇ ಎಂದು ಕೇಳಬಹುದು. ಬರೆದಿದ್ದೆ. 4.25, 4.5, 4.75 ಹಾಕಿ ನೋಡಿದ್ದೆ, ಎಲ್ಲ ಸರಿ ಬಂದಿತ್ತು. ಬರಲೇಬೇಕು. ಕಂಪ್ಯೂಟರಿನದು ಎರಡರ ಲೆಕ್ಕ. ಕಾಲು, ಅರೆ, ಮುಕ್ಕಾಲು ಅದಕ್ಕೆ ಸಲೀಸು. 4.35 ಅದರೊಳಗೆ ಪೂರ್ತಿ ಕೂರುವುದಿಲ್ಲ. ಮೂರನೇ ಒಂದು ಭಾಗವನ್ನು ನಾವು 0.333 ಎಂದು ಬರೆದು ಎಲ್ಲೋ ಒಂದು ಕಡೆ ನಿಲ್ಲಿಸುತ್ತೇವಲ್ಲ, ಹಾಗೆ ಅದೂ ನಿಲ್ಲಿಸಿಬಿಡುತ್ತದೆ. ಸುಲಭದ ಸಂಖ್ಯೆಗಳನ್ನೇ ಆರಿಸಿಕೊಂಡು ಪರೀಕ್ಷೆ ಬರೆದು, ಪಾಸಾದೆ ಎಂದು ಬೀಗಿದ್ದೆ ನಾನು. ಇದನ್ನು ಹಿಡಿಯುವುದಕ್ಕೆ ಎಸ್ಸೆಸ್ಸೆಲ್ಸಿ ಓದುವ ಹುಡುಗಿಯ ಪೆನ್ಸಿಲ್ ಬೇಕಾಯಿತು. ಪುಟ್ಟಿ, ನಿನಗೆ ದೊಡ್ಡ ಥ್ಯಾಂಕ್ಸ್. ಮೂರು ಸಲ ಬೆನ್ನು ಹತ್ತಿದ ಕಾರ್ಯದರ್ಶಿಗಳಿಗೆ ಥ್ಯಾಂಕ್ಸ್ ಜೊತೆಗೆ ಕ್ಷಮೆಯೂ ಕೇಳಬೇಕು.

ಇನ್ನು ಹೇಳುವುದಕ್ಕೆ ಸ್ವಲ್ಪ ನಾಚಿಕೆಯಾಗುವ ಭಾಗ. ತಪ್ಪು ಗೊತ್ತಾದ ಅರ್ಧ ಗಂಟೆಯಲ್ಲೇ ಸರಿ ಮಾಡಿದೆ. ಒಂದೇ ಸಾಲು ಬದಲಾವಣೆ. ಯಾರಿಗೂ ಹೇಳದೆ ಸುಮ್ನೆ ಮುಂದಿನ ಅಪ್‌ಡೇಟಿನಲ್ಲಿ ಸೇರಿಸಿಬಿಡೋಣ ಎಂದುಕೊಂಡೆ. ಕಾಮಿಟ್‌ನಲ್ಲಿ, ಅಂದರೆ ಬದಲಾವಣೆಯ ದಾಖಲೆಯಲ್ಲಿ, "ಸಣ್ಣ ತಿದ್ದುಪಡಿ" ಎಂದು ಬರೆದೂ ಆಗಿತ್ತು. ನಮ್ಮಲ್ಲಿ ಯಾರ ಕೋಡ್ ಆದರೂ ಇನ್ನೊಬ್ಬರು ನೋಡದೆ ಒಳಗೆ ಹೋಗುವ ಹಾಗಿಲ್ಲ. ಆ ನಿಯಮ ನನಗೆ ಯಾವತ್ತೂ ಕಿರಿಕಿರಿ. ಅವತ್ತು ನೋಡಿದ್ದು ನಮ್ಮ ಸೀನಿಯರ್ ಮೇಡಂ. ಕೋಡ್ ಸರಿಯಿದೆ ಎಂದರು. ಆಮೇಲೆ ಕೇಳಿದರು: "ಹಿಂದಿನದ್ದು?"

ಒಂದೇ ಪದ. ನನ್ನ ಹತ್ತಿರ ಉತ್ತರ ಇರಲಿಲ್ಲ.

"ಒಬ್ಬೊಬ್ಬರಿಗೆ ಎಷ್ಟು ಮಹಾ ಆಗುತ್ತೆ ಮೇಡಂ" ಎಂದೆ. ಅವರು ಕೆನಡಾದ ವ್ಯಾಂಕೂವರ್ ಷೇರುಪೇಟೆಯ ಕಥೆ ಹೇಳಿದರು. 1982ರ ಜನವರಿಯಲ್ಲಿ ಅಲ್ಲಿ 1000ದಿಂದ ಹೊಸ ಸೂಚ್ಯಂಕ ಶುರು ಮಾಡಿದರು. ಪ್ರತಿ ಸಲ ಲೆಕ್ಕ ಹಾಕಿದಾಗಲೂ ಮೂರು ದಶಮಾಂಶ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸುತ್ತಿದ್ದರು. ದಿನಕ್ಕೆ ಸಾವಿರಾರು ಸಲ. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524.811ಕ್ಕೆ ಇಳಿದಿತ್ತು. ಸರಿಯಾಗಿ ಲೆಕ್ಕ ಹಾಕಿದರೆ 1098.892 ಇರಬೇಕಿತ್ತು. "ಅಲ್ಲಿ ಬೋರ್ಡಿನ ಮೇಲಿನ ಸಂಖ್ಯೆ ತಪ್ಪಾಯ್ತು. ಇಲ್ಲಿ ಹಾಲು ಕರೆದವರ ದುಡ್ಡು ಹೋಗಿದೆ" ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಹಳೆಯದನ್ನು ಲೆಕ್ಕ ಹಾಕಬೇಕಾದರೆ ಹಳೆಯ ಫ್ಯಾಟ್ ಬೇಕಲ್ಲ. ಚೀಟಿಯಲ್ಲಿ ದುಡ್ಡು ತಪ್ಪಿದ್ದರೂ ಮೆಷಿನ್ ಕೊಟ್ಟ ಮೂಲ ರೀಡಿಂಗ್ ಎಲ್ಲಾದರೂ ಇರಬೇಕು. ಇತ್ತು! ನನಗಿಂತ ಮೊದಲು ಇಲ್ಲಿ ಕೆಲಸ ಮಾಡಿ ಬಿಟ್ಟುಹೋದ ಒಬ್ಬರು ಅದಕ್ಕೇ ಡೇಟಾಬೇಸಿನಲ್ಲಿ ಒಂದು ಬೇರೆ ಟೇಬಲ್ ಮಾಡಿಟ್ಟಿದ್ದರು. ಮೇಲೆ ಒಂದು ಕಾಮೆಂಟ್: "ಇದನ್ನು ಯಾರೂ ತಿದ್ದಬೇಡಿ, ಅಳಿಸಬೇಡಿ." ಡಿಸ್ಕ್ ತುಂಬುತ್ತಿದೆ ಎಂದು ಹಿಂದಿನ ವರ್ಷ ಅದನ್ನು ಅಳಿಸಲು ಹೊರಟವನೇ ನಾನು. ಆ ಕಾಮೆಂಟ್ ನೋಡಿ ಬೈದುಕೊಂಡು ಬಿಟ್ಟಿದ್ದೆ. ಅವರ ಮುಖ ನಾನು ನೋಡಿಲ್ಲ. ಅಣ್ಣಾ, ನೀವು ಎಲ್ಲಿದ್ದರೂ ಚೆನ್ನಾಗಿರಿ.

ನಮ್ಮ ಮಾಲೀಕರಿಗೂ ಥ್ಯಾಂಕ್ಸ್ ಹೇಳಬೇಕು. ಒಂದು ದಿನ ಪೂರ್ತಿ ಅವರು ಮಾತೇ ಆಡಲಿಲ್ಲ. ಎಲ್ಲ ಸಂಘಗಳಿಗೂ ಗೊತ್ತಾದರೆ ಯಾರು ನಮ್ಮನ್ನು ನಂಬುತ್ತಾರೆ ಎಂಬ ಭಯ. ಆಗ ಮೇಡಂ ಗಿಟ್‌ಲ್ಯಾಬ್ ಎಂಬ, ಬೇರೆಯವರ ಕೋಡ್ ಇಟ್ಟುಕೊಳ್ಳುವ ಕಂಪನಿಯ ವಿಷಯ ತೆಗೆದರು. 2017ರ ಜನವರಿ 31ರಂದು ಅಲ್ಲಿನ ಇಂಜಿನಿಯರ್ ಒಬ್ಬರ ಕೈತಪ್ಪಿನಿಂದ ಮುಖ್ಯ ಡೇಟಾಬೇಸೇ ಅಳಿಸಿಹೋಯಿತು. ಬ್ಯಾಕಪ್ಪಿನ ವ್ಯವಸ್ಥೆಗಳೂ ಕೈಕೊಟ್ಟಿದ್ದವು. ಆರು ಗಂಟೆಗಳ ಡೇಟಾ ಹೋಯಿತು. ಅವರು ಅದನ್ನು ಮುಚ್ಚಿಡಲಿಲ್ಲ. ರಿಪೇರಿ ಕೆಲಸವನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿದರು. ಕಂಪನಿ ಮುಳುಗಲಿಲ್ಲ. ಮರುದಿನ ಮಾಲೀಕರು ಸಂಘಗಳಿಗೆ ಕಳಿಸುವ ಪತ್ರಕ್ಕೆ ಸಹಿ ಹಾಕಿದರು. ಕನ್ನಡದಲ್ಲಿ, ಒಂದೇ ಪುಟ, "ತಾಂತ್ರಿಕ ಕಾರಣಗಳಿಂದ" ಎನ್ನುವ ಮಾತು ಇಲ್ಲದೆ. ನಮ್ಮ ಲೆಕ್ಕ ತಪ್ಪಿತ್ತು, ಬಾಕಿ ನಾವು ಕೊಡುತ್ತೇವೆ, ಅಷ್ಟೇ. ಎರಡು ಸಂಘಗಳು ನಮ್ಮನ್ನು ಬಿಟ್ಟವು. ಬಿಟ್ಟಿದ್ದು ತಪ್ಪು ಎನ್ನಲಾರೆ.

ಚೀಟಿ ಚೀಟಿ ತಾಳೆ ನೋಡಿದ ಟೆಸ್ಟಿಂಗ್ ತಂಗಿಯರಿಬ್ಬರಿಗೆ, ಭಾನುವಾರಗಳನ್ನೂ ಬಿಟ್ಟುಕೊಟ್ಟ ನನ್ನ ಹೆಂಡತಿಗೆ ಸಾಲಗಾರ.

ಅಜ್ಜಿಯ ಬಾಕಿ ಕೊಡುವ ದಿನ ನಾನೇ ಊರಿಗೆ ಹೋಗಿದ್ದೆ. ಲೆಕ್ಕದ ಹಾಳೆ ಕೈಗಿಟ್ಟು ಎಲ್ಲ ವಿವರಿಸಿದೆ. ಕೇಳಿಸಿಕೊಂಡು, "ಅಲ್ಲ ಕಣ್ ಮಗ, ಜಾಸ್ತಿ ಬಂದಿದ್ರೆ ವಾಪಸ್ ಇಸ್ಕೊತಿದ್ರಾ?" ಎಂದರು. ನಾನು ತಬ್ಬಿಬ್ಬಾದೆ. ಕಾರ್ಯದರ್ಶಿಗಳು ನಕ್ಕುಬಿಟ್ಟರು. ಅಜ್ಜಿ ಕಾಫಿ ಕೊಟ್ಟರು, ಹಾಲು ಗಟ್ಟಿಯಾಗಿತ್ತು. ಹೊರಡುವಾಗ ಹಳೇ ಕ್ಯಾಲೆಂಡರ್ ಕೇಳಿದೆ. ಕೊಡಲಿಲ್ಲ, ಫೋಟೋ ತಕ್ಕೋ ಎಂದರು. ಹನ್ನೆರಡು ತಿಂಗಳ ಹಾಳೆಗಳ ಫೋಟೋನೂ ತೆಗೆದುಕೊಂಡು ಬಂದೆ. ಅದರ ಒಂದೊಂದು ಮನೆಯೂ ಈಗ ನಮ್ಮ ಟೆಸ್ಟ್ ಫೈಲಿನಲ್ಲಿ ಒಂದೊಂದು ಸಾಲು.