ಆ ಗುಂಯ್ ಗುಂಯ್ ಯಾಕೆ ನಿಂತಿತು ಅಂತ ಕೇಳಿದವರಿಗೆ

ಮೊನ್ನೆ ಶನಿವಾರ ಹನುಮಂತನಗರದ ನಮ್ಮ ಬೀದಿಯ ರಾಜ್ಯೋತ್ಸವದಲ್ಲಿ ಆರ್ಕೆಸ್ಟ್ರಾದವರ ಜೊತೆ ನಿಂತು ಆರು ಹಾಡಿಗೆ ಬೇಸ್ ಗಿಟಾರ್, ಅಂದರೆ ತಗ್ಗಿನ ಸ್ವರದ ದಪ್ಪ ತಂತಿಯ ಗಿಟಾರ್, ನುಡಿಸಿದೆ. ಕೆಳಗಿಳಿದಾಗ ಒಬ್ಬರು "ಯಾರ ಹತ್ರ ಕಲಿತಿದ್ದು?" ಅಂದರು. "ನಾನೇ ಕಲಿತೆ" ಅಂದುಬಿಟ್ಟೆ. ಆ ಮಾತು ಅವತ್ತಿನಿಂದ ಚುಚ್ಚುತ್ತಿದೆ. ಪಾಠ ಹೇಳುವ ಗುರು ಇರಲಿಲ್ಲ, ನಿಜ. ಆದರೆ ಎರಡು ವರ್ಷದಲ್ಲಿ ಇನ್ನು ಸಾಕು ಅನ್ನಿಸಿದಾಗೆಲ್ಲ ಯಾರೋ ಒಬ್ಬರು ಬಂದು ನಿಂತಿದ್ದಾರೆ.

ಮೊದಲು ನನ್ನ ತಮ್ಮ. ಶುರುವಿನಲ್ಲಿ ಫೋನಿನಲ್ಲೇ ಹಾಡು ಹಾಕಿ ಬೇಸ್ ಎಲ್ಲಿದೆ ಅಂತ ಹುಡುಕುತ್ತಿದ್ದೆ. ಕೇಳುತ್ತಲೇ ಇರಲಿಲ್ಲ, ನನ್ನ ಕಿವಿಯೇ ಸರಿಯಿಲ್ಲ ಅಂದುಕೊಂಡಿದ್ದೆ. ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ತಗ್ಗಿನ ಸ್ವರ ಫೋನಿನ ಪುಟ್ಟ ಸ್ಪೀಕರಿಗೆ ದಕ್ಕುವುದಿಲ್ಲ. ತಮ್ಮ ತನ್ನ ಹೆಡ್‌ಫೋನ್ ತಂದುಕೊಟ್ಟ. ಚಿಕ್ಕಂದಿನಿಂದ ಕೇಳಿದ ಹಾಡುಗಳ ಅಡಿಯಲ್ಲಿ ಇನ್ನೊಂದು ಹಾಡು ಹರಿಯುತ್ತಿತ್ತು! ಆ ಹೆಡ್‌ಫೋನನ್ನು ಅವನು ಇವತ್ತಿಗೂ ವಾಪಸ್ ಕೇಳಿಲ್ಲ.

ಆಮೇಲೆ ರಿಪೇರಿ ಅಂಗಡಿಯ ಹಿರಿಯರು. ಸಾಮಾನ್ಯ ಗಿಟಾರಿನ ತಂತಿ ಇಪ್ಪತ್ತೈದೂವರೆ ಇಂಚಿನ ಆಸುಪಾಸಿದ್ದರೆ ಬೇಸಿನದು 34 ಇಂಚು. ಮೊದಲ ಮನೆಗಳಲ್ಲಿ ಬೆರಳು ಅಗಲಿಸಿ ಒತ್ತುವಷ್ಟರಲ್ಲಿ ನನ್ನ ಮಣಿಕಟ್ಟು ಸೋಲುತ್ತಿತ್ತು. ಮಾರಿಬಿಡೋಣ ಅಂತಲೇ ಹೋಗಿದ್ದೆ. ಅವರು ಕತ್ತಿನ ಮೇಲೆ ಮನೆಗಳನ್ನು ಬೇರ್ಪಡಿಸುವ ಅಡ್ಡಪಟ್ಟಿಗಳಲ್ಲಿ ಹನ್ನೆರಡನೆಯದರ, ಅಂದರೆ ಹನ್ನೆರಡನೇ ಫ್ರೆಟ್ಟಿನ, ಮೇಲೆ ಸ್ಕೇಲ್ ಇಟ್ಟು ನೋಡಿದರು: ತಂತಿ 4 ಮಿಲಿಮೀಟರ್ ಮೇಲಿತ್ತು. ಕತ್ತಿನ ಒಳಗಿನ ಸರಳನ್ನು ಅಲೆನ್ ಕೀಲಿಯಿಂದ ಚೂರು ತಿರುಗಿಸಿ, ತಂತಿ ಕೂರುವ ಬ್ರಿಡ್ಜ್ ತಗ್ಗಿಸಿ, ಎರಡೂವರೆಗೆ ಇಳಿಸಿದರು. "ತಪ್ಪು ನಿಮ್ಮ ಬೆರಳಿಂದಲ್ಲಮ್ಮ" ಅಂದರು. ಆ ಒಂದು ಮಾತಿಗೆ ನಾನು ಏನು ಕೊಟ್ಟರೂ ಕಡಿಮೆಯೇ.

ಎದುರುಮನೆಯ ಮೃದಂಗದ ಮೇಷ್ಟ್ರ ಋಣ ದೊಡ್ಡದು. ಟಕ್ ಟಕ್ ಅಂತ ಲಯ ಎಣಿಸುವ ಮೆಟ್ರೊನೋಮ್ ಹಾಕಿಕೊಂಡರೂ, ಸಾಲುಗಳ ನಡುವಿನ ಜಾಗ ತುಂಬುವ ಸ್ವರಗಳು ಬಂದಾಗ ನನ್ನ ಲಯ ಓಡುತ್ತಿತ್ತು. ಒಂದು ಸಂಜೆ ಗೇಟಿನ ಹತ್ತಿರ ನಿಲ್ಲಿಸಿ, "ವಾದ್ಯ ಕೆಳಗಿಡು, ಆದಿತಾಳ ಹಾಕು, ನುಡಿಸೋದನ್ನ ಬಾಯಲ್ಲಿ ಹೇಳು" ಅಂದರು. ಬಾಯಿಗೆ ಬರದ್ದು ಕೈಗೆ ಬರುವುದಿಲ್ಲವಂತೆ. ಒಂದೇ ಸಾಲನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಹೇಳಿಸಿದರು. ಆದಿತಾಳದ ಎಂಟು ಎಣಿಕೆ ಅಂದರೆ ನನ್ನ ಹಾಡಿನ ನಾಲ್ಕು ನಾಲ್ಕು ಎಣಿಕೆಯ ಎರಡು ಬಾರ್, ಲೆಕ್ಕ ಒಂದೇ. ಎಷ್ಟೋ ವಿಡಿಯೋ ನೋಡಿ ತಿಳಿಯದ್ದು ಅವತ್ತು ತೊಡೆ ತಟ್ಟುತ್ತಾ ತಿಳಿಯಿತು. ಈಗಲೂ ಹೊಸ ಹಾಡು ಮೊದಲು ನಿಧಾನದ ಚೌಕ ಕಾಲದಲ್ಲೇ.

ಆರ್ಕೆಸ್ಟ್ರಾದ ಡ್ರಮ್ಮರ್ ಅಣ್ಣನಿಗೂ ನಮಸ್ಕಾರ. ಮೊದಲ ರಿಹರ್ಸಲ್‌ನಲ್ಲಿ ಕೈ ನಡುಗುತ್ತಿದ್ದಾಗ ಅವರು ಹೇಳಿದ್ದಿಷ್ಟೇ: "ಬೇರೇನೂ ಬೇಡ, ನನ್ನ ಬಲಗಾಲು ನೋಡ್ಕೊಂಡು ಮೂಲ ಸ್ವರ ಹಾಕು." ಕಿಕ್ ಡ್ರಮ್ಮಿನ ಪೆಡಲಿನ ಮೇಲೆ ಆ ಕಾಲು, ತಂತಿಯ ಮೇಲೆ ನನ್ನ ಬೆರಳು, ಎರಡೂ ಒಟ್ಟಿಗೆ ಬಿದ್ದಾಗ ಎದೆಯೊಳಗೆ ಧಂ ಅಂತು. ರೂಮಿನಲ್ಲಿ ಒಬ್ಬಳೇ ನುಡಿಸಿದ ಎರಡು ವರ್ಷದಲ್ಲಿ ಅದು ಒಂದು ದಿನವೂ ಆಗಿರಲಿಲ್ಲ.

ಇನ್ನು ಕೆಳಮನೆಯ ಅಜ್ಜಿ. ಹೋದ ವರ್ಷ ಆಷಾಢದಲ್ಲಿ ಹನ್ನೊಂದು ದಿನ ಗಿಟಾರ್ ಮುಟ್ಟಲಿಲ್ಲ. ಆಫೀಸಿನಲ್ಲಿ ಕೆಲಸ ಹೋಗುವ ಸುದ್ದಿ, ಮನೆಯಲ್ಲಿ ಅಪ್ಪನ ಆಪರೇಷನ್. ಬ್ಯಾಗಿನ ಜಿಪ್ ಎಳೆಯುವುದಕ್ಕೂ ಮನಸ್ಸಿರಲಿಲ್ಲ. ಯಾರಿಗೂ ಗೊತ್ತಾಗಿರಲಿಲ್ಲ ಕೂಡ, ಯಾರಿಗೆ ಬೇಕಿತ್ತು ಅಂದುಕೊಂಡಿದ್ದೆ. ಹನ್ನೆರಡನೇ ದಿನ ಅಜ್ಜಿ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. "ಯಾಕಮ್ಮ, ರಾತ್ರಿ ಒಂಬತ್ತಕ್ಕೆ ಗುಂಯ್ ಗುಂಯ್ ಅಂತಿತ್ತಲ್ಲ, ನಿಂತೇಹೋಯ್ತು? ಹುಷಾರಿಲ್ವಾ? ಅದು ಕೇಳದೆ ನಂಗೆ ನಿದ್ದೆ ಹತ್ತಲ್ಲ."

ಅಲ್ಲಿಯವರೆಗೂ ಬೈಸಿಕೊಳ್ಳಬೇಕಾಗುತ್ತದೆ ಅಂತ ಹೆದರಿ, ಆಂಪ್ಲಿಫೈಯರಿನ ಕೆಳಗೆ ಚಾಪೆ ಮಡಿಸಿಟ್ಟು ನುಡಿಸಿದ್ದವಳು ನಾನು. ಅವತ್ತು ರಾತ್ರಿ ಚಾಪೆ ತೆಗೆದೆ.

ಮಂಡಿನೋವಿಗೆ ಅಜ್ಜಿ ಶನಿವಾರ ಬರಲಾಗಲಿಲ್ಲ. ಅದಕ್ಕೆ ಇವತ್ತು ಸಂಜೆ ಆಂಪ್ಲಿಫೈಯರನ್ನೇ ಕೆಳಗೆ ಹೊತ್ತುಕೊಂಡು ಹೋಗುತ್ತಿದ್ದೇನೆ, ಆರೂ ಹಾಡು ಅವರ ನಡುಮನೆಯಲ್ಲಿ. ಮೇಷ್ಟ್ರು ಮೃದಂಗ ತರುತ್ತಾರಂತೆ. ಅಜ್ಜಿ ಆಗಲೇ ಡಿಕಾಕ್ಷನ್ ಇಳಿಸಿಟ್ಟಿದ್ದಾರೆ, ಘಮ ಮೆಟ್ಟಿಲವರೆಗೂ ಬರುತ್ತಿದೆ.