ಜೋಡಿ ಅಂತ ಕಳಿಸಿದ ಎರಡೂ ಮೀನು ಗಂಡು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕರ ವಿಭಾಗ

ವಿಷಯ: ಬ್ರಿಸಲ್‌ನೋಸ್ ಪ್ಲೆಕೊ ಎಂಬ ಅಕ್ವೇರಿಯಂ ಮೀನಿನ ಜೋಡಿಯಲ್ಲಿ ಹೆಣ್ಣು ಇಲ್ಲದಿರುವ ಬಗ್ಗೆ

ಮಾನ್ಯರೇ,

ನಾಲ್ಕು ತಿಂಗಳ ಹಿಂದೆ ನಿಮ್ಮಲ್ಲಿ ಬ್ರಿಸಲ್‌ನೋಸ್ ಪ್ಲೆಕೊ ಜೋಡಿ ತರಿಸಿಕೊಂಡೆ. ಮರಿ ಮಾಡಿಸಬೇಕೆಂಬುದು ನನ್ನ ಬಹಳ ದಿನದ ಆಸೆ. ಬಿಡಿ ಮೀನಿಗಿಂತ ಜೋಡಿಗೆ ಬೆಲೆ ಜಾಸ್ತಿ. ಒಂದು ಗಂಡು, ಒಂದು ಹೆಣ್ಣು ಖಂಡಿತ ಎಂದು ನೀವು ಹೇಳಿದ್ದಕ್ಕೇ ಅಷ್ಟು ಕೊಟ್ಟೆ. ಬಂದಾಗ ಒಂದು ಮೀನು ಸುಮಾರು 8 ಸೆಂ.ಮೀ. ಇತ್ತು, ಮೂತಿ ತುಂಬಾ ಮೀಸೆ. ಇನ್ನೊಂದು ನನ್ನ ಕಿರುಬೆರಳಿನ ಅರ್ಧದಷ್ಟು, ಮೂತಿ ನುಣ್ಣಗೆ. ಅದೇ ಹೆಣ್ಣು ಅಂದಿರಿ.

ಈಗ ಅದಕ್ಕೂ ಮೀಸೆ ಬಂದಿದೆ. ಕಳೆದ ವಾರ ರಾತ್ರಿ ಲೈಟ್ ಆರಿಸಿ, ಟಾರ್ಚ್ ಹಾಕಿ ನೋಡಿದೆ. ಗಾಜಿಗೆ ಬಾಯಿ ಅಂಟಿಸಿಕೊಂಡು ಕೂತಿತ್ತು. ಮೂತಿಯ ಅಂಚಿನಲ್ಲಿ ಮಾತ್ರ ಗಿಡ್ಡ ಮೀಸೆ ಇದ್ದಿದ್ದರೆ ಸುಮ್ನಿರುತ್ತಿದ್ದೆ, ಹೆಣ್ಣಿಗೂ ಅಷ್ಟು ಬರುವುದುಂಟು. ಇದಕ್ಕೆ ಮೂತಿಯ ನಡುವಿನಿಂದ ಹಣೆಯ ಕಡೆಗೆ ಏರಿವೆ. ಒಂದೆರಡು ತುದಿಯಲ್ಲಿ ಕವಲೂ ಒಡೆದಿವೆ. ಅದು ಗಂಡಿನ ಗುರುತು.

ಫೋನ್ ಮಾಡಿದರೆ ನಿಮ್ಮವರು “ಹೆಣ್ಣಿಗೂ ಮೀಸೆ ಇರುತ್ತೆ ಸರ್” ಎಂದು ಇಟ್ಟುಬಿಟ್ಟರು. ಫೋಟೋ ಕಳಿಸಿದೆ, ಉತ್ತರವಿಲ್ಲ.

ಈ ಮೀನು 5–6 ಸೆಂ.ಮೀ. ಬೆಳೆಯುವ ತನಕ ಗಂಡೋ ಹೆಣ್ಣೋ ಹೇಳುವುದು ಕಷ್ಟ. ಮರಿಯಾಗಿದ್ದಾಗ ಎಲ್ಲದರ ಮೂತಿಯೂ ನುಣುಪೇ. ಮೀಸೆ ಇಲ್ಲದ್ದನ್ನೆಲ್ಲ ಹೆಣ್ಣು ಅಂತ ಕೊಟ್ಟರೆ ಹೀಗೇ ಆಗುತ್ತದೆ, ಅಲ್ವಾ?

ದುಡ್ಡಿಗಿಂತ ಮೀನಿನ ಪಾಡು ನೋಡಿ ಹೊಟ್ಟೆ ಉರಿಯುತ್ತದೆ. ಮೊಟ್ಟೆ ಇಡಲೆಂದು ಟ್ಯಾಂಕಿನಲ್ಲಿ ತೆಂಗಿನ ಚಿಪ್ಪೊಂದನ್ನು ಕವುಚಿ ಇಟ್ಟಿದ್ದೆ. ಇವುಗಳಲ್ಲಿ ಗೂಡು ಹಿಡಿದು ಮೊಟ್ಟೆ ಕಾಯುವುದು ಗಂಡು. ಹಾಗಾಗಿ ಆ ಚಿಪ್ಪಿಗಾಗಿ ಎರಡೂ ಕಾದಾಡುತ್ತಿವೆ. ದೊಡ್ಡದು ಕೆನ್ನೆಯ ಮುಳ್ಳು ಹೊರಗೆ ಚಾಚಿ ನುಗ್ಗುತ್ತದೆ. ಚಿಕ್ಕದರ ಬಾಲ ಹರಿದು ಅಂಚು ಬೆಳ್ಳಗಾಗಿದೆ. ಫಿಲ್ಟರ್ ಹಿಂದೆ ಸೇರಿಕೊಂಡು ಎರಡು ದಿನ ಸೌತೆಕಾಯಿ ಹೋಳನ್ನೂ ಮುಟ್ಟಲಿಲ್ಲ. ಸದ್ಯಕ್ಕೆ ನಡುವೆ ಜಾಲರಿ ನಿಲ್ಲಿಸಿದ್ದೇನೆ.

ಚಿಕ್ಕ ಗಂಡನ್ನು ವಾಪಸ್ ತೆಗೆದುಕೊಂಡು, 7 ಸೆಂ.ಮೀ. ದಾಟಿದ ಹೆಣ್ಣನ್ನು ಕೊಡಿ. ಕಳಿಸುವ ಮೊದಲು ಮೂತಿ ಹತ್ತಿರದಿಂದ ಕಾಣುವ ಫೋಟೋ ಬೇಕು. ಆಗದಿದ್ದರೆ ಜೋಡಿಗೆಂದು ಪಡೆದ ಹಣ ಹಿಂದಿರುಗಿಸಿ, ದೊಡ್ಡದರ ಬೆಲೆ ಹಿಡಿದುಕೊಳ್ಳಿ. ಮರಿಗಳನ್ನು ಜೋಡಿ ಎಂದು ಮಾರುವುದನ್ನೂ ದಯವಿಟ್ಟು ನಿಲ್ಲಿಸಿ.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಬಿಲ್ಲು, ಎರಡೂ ಮೀನಿನ ಫೋಟೋ ಜೊತೆಗಿವೆ.

ಇಂತಿ,
ನಿಮ್ಮ ಗ್ರಾಹಕ