ಅತ್ತಿಗೆ ಓದಿದರು, ನಾನು ಬರೆದೆ

ನಿನ್ನೆ ರಾತ್ರಿ ನಮ್ಮ ಮಳೆಲೆಕ್ಕದ ಆ್ಯಪಿಗೆ 50ನೇ ಮನೆ ಸೇರಿತು. ಶೃಂಗೇರಿ ಕಡೆಯವರು. ಮೊದಲ ದಿನವೇ ತಮ್ಮ ಮೂರು ವರ್ಷದ ಹಳೇ ಲೆಕ್ಕವನ್ನೆಲ್ಲ ಹಾಕಿದ್ದಾರೆ. ಅದನ್ನು ನೋಡಿದ ಮೇಲೆ ನಿದ್ದೆ ಬರಲಿಲ್ಲ. ಎದ್ದು ಕೂತು ಇದನ್ನು ಬರೆಯುತ್ತಿದ್ದೇನೆ.

ಅಂಗಳದಲ್ಲಿ ಅಳೆದ ಮಳೆಯನ್ನು ದಿನಾ ಬರೆದಿಡುವ ಆ್ಯಪ್ ಅದು, ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ಅದು ಯಾರ್ಯಾರಿಂದ ಆಯಿತು ಅನ್ನುವುದನ್ನು ಮಾತ್ರ ಹೇಳಬೇಕು. ಇಷ್ಟು ದಿನ ಸರಿಯಾಗಿ ಹೇಳಿಲ್ಲ.

ಅಂಗಳದ ಮಳೆಮಾಪಕವನ್ನು ಮರದ ನೆರಳು ತಪ್ಪಿಸಿ ಮತ್ತೆ ನೆಟ್ಟುಕೊಟ್ಟ ಅಣ್ಣ, ಬ್ಯಾಕಪ್ ಅಂದರೇನು ಅಂತ ಊಟದ ಬಿಡುವಿನಲ್ಲಿ ಕೂರಿಸಿ ಕಲಿಸಿದ ಆಫೀಸಿನ ಗೆಳತಿ, ಮೊದಲ ತಿಂಗಳು ದಿನಾ ಒಂದು ತಪ್ಪು ಹುಡುಕಿ ಕಳಿಸಿದ ನಮ್ಮೂರಿನ ನಿವೃತ್ತ ಮೇಷ್ಟ್ರು, ಫೋನ್ ಹಿಡಿದುಕೊಂಡು ಮನೆಮನೆಗೆ ಹೋಗಿ ಹಾಕಿಸಿಕೊಟ್ಟ ಮಕ್ಕಳು, ನಿಮಗೆಲ್ಲ ನನ್ನ ನಮಸ್ಕಾರ. ಕೋಡ್ ಬರೆಯುವ ಭಾಷೆ ಪೈಥಾನ್, ಡೇಟಾ ಕೂಡಿಡುವ ಎಸ್‌ಕ್ಯೂಲೈಟ್ ಥರದ್ದನ್ನು ಕಟ್ಟಿ ಎಲ್ಲರಿಗೂ ಬಿಟ್ಟುಕೊಟ್ಟವರಿಗೂ, ನಾನು ಈಗ ಟೈಪ್ ಮಾಡುತ್ತಿರುವ ಈ ಕನ್ನಡ ಕೀಲಿಮಣೆಯನ್ನು ರೂಪಿಸಿದ ಕೆ.ಪಿ. ರಾವ್ ಅವರಿಗೂ ನಾನು ಋಣಿ.

ಇನ್ನು ಎಐ ವಿಷಯ. ಕೋಡ್ ಬಹುಪಾಲು ಅದೇ ಬರೆದದ್ದು. ಇದನ್ನು ಮುಚ್ಚಿಡುವುದಿಲ್ಲ. ನಾನು ಬಿ.ಕಾಂ. ಓದಿದವಳು. ಬೆಂಗಳೂರಲ್ಲಿ ಲೆಕ್ಕಪತ್ರದ ಕೆಲಸ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪಯ್ಯನ ಮಳೆ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. 1992ರಿಂದ ಶುರುವಾಗುತ್ತವೆ. ದಿನಾ ಬೆಳಗ್ಗೆ ಎಂಟೂವರೆಗೆ ಮಾಪಕ ನೋಡಿ ಬರೆದದ್ದು. ಹವಾಮಾನ ಇಲಾಖೆಯವರ ಮಳೆ ದಿನವೂ ಎಂಟೂವರೆಯಿಂದ ಎಂಟೂವರೆಗೇ. ಈಗ ಪಂಚಾಯ್ತಿಗಳಲ್ಲಿ ಸರ್ಕಾರದ ಮಳೆಮಾಪಕಗಳಿವೆ, ನಿಜ. ಆದರೆ ಮಲೆನಾಡಿನಲ್ಲಿ ಗುಡ್ಡದ ಈ ಕಡೆ ಬಂದ ಮಳೆ ಆ ಕಡೆ ಇರುವುದಿಲ್ಲ. ನಮ್ಮ ತೋಟಕ್ಕೆ ಎಷ್ಟು ಬಿತ್ತು ಅನ್ನುವುದು ನಮ್ಮ ಅಂಗಳದಲ್ಲೇ ಗೊತ್ತಾಗಬೇಕು. ಈ ಪುಸ್ತಕಗಳು ಹುಳ ಹಿಡಿದು ಹೋಗಬಾರದು ಅನ್ನಿಸಿತು. ಅಷ್ಟೇ ಆಸೆ ಇದ್ದದ್ದು.

ಅಲ್ಲಿಂದ ನಾಲ್ಕೈದು ತಿಂಗಳು ರಾತ್ರಿ ಊಟ ಆದಮೇಲೆ ಎಐ ಜೊತೆ ಕೂತೆ. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಹತ್ತು ಸಲವೂ ಸಮಾಧಾನವಾಗಿ ಹೇಳಿಕೊಟ್ಟಿತು. ಅದಿಲ್ಲದೆ ನನ್ನಿಂದ ಆಗುತ್ತಿರಲಿಲ್ಲ. ಆದರೆ ನಮ್ಮನೆ ಪುಸ್ತಕ ಅದಕ್ಕೆ ಗೊತ್ತಿರಲು ಹೇಗೆ ಸಾಧ್ಯ? ಮೊದಲ ವರ್ಷಗಳಲ್ಲಿ ಅಪ್ಪಯ್ಯ ಕಾಫಿ ತೋಟದವರ ಹಾಗೆ ಇಂಚು, ಸೆಂಟಿನಲ್ಲಿ (ಇಂಚಿನ ನೂರರಲ್ಲಿ ಒಂದು ಪಾಲು) ಬರೆಯುತ್ತಿದ್ದರು. ೨-೪೦ ಅಂದರೆ 2 ಇಂಚು 40 ಸೆಂಟ್, ಸುಮಾರು 61 ಮಿ.ಮೀ. ಎಐ ಅದನ್ನು ಎರಡರಿಂದ ನಲವತ್ತರವರೆಗೆ ಅಂತ ತಿಳಿದುಕೊಂಡಿತು. ಫೋಟೋದಲ್ಲಿನ ಕನ್ನಡ ಅಂಕಿ ಓದುವಾಗ ೬ ಮತ್ತು ೯ ಅದಲುಬದಲಾಗುತ್ತಿದ್ದವು. ಮಳೆ ನಕ್ಷತ್ರ ತೋರಿಸು ಅಂದರೆ ಪಂಚಾಂಗದ ದಿನದ ನಕ್ಷತ್ರ ತೋರಿಸಿತು. ಅದನ್ನು ಹಿಡಿದವಳು ಅಮ್ಮ. "ಇದೇನೇ, ಭರಣಿ ಮಳೆ ಹೊತ್ತಲ್ಲಿ ಸ್ವಾತಿ ಅಂತ ತೋರಿಸ್ತದೆ? ಸ್ವಾತಿ ಬರೋದು ದೀಪಾವಳಿ ಸುಮಾರಿಗಲ್ವಾ?" ಅಂದಳು. ಚಂದ್ರ ಒಂದು ನಕ್ಷತ್ರದಲ್ಲಿ ಹೆಚ್ಚುಕಮ್ಮಿ ಒಂದು ದಿನ ಇರುತ್ತಾನೆ. ಸೂರ್ಯ 13-14 ದಿನ ಇರುತ್ತಾನೆ. ನಮ್ಮ ರೋಹಿಣಿ, ಮೃಗಶಿರ, ಆರಿದ್ರಾ ಮಳೆಗಳೆಲ್ಲ ಸೂರ್ಯನ ಲೆಕ್ಕ. ಅಮ್ಮ ಹೇಳಿದ್ದನ್ನು ನಾನು ಎಐಗೆ ಹೇಳಿದೆ, ಐದು ನಿಮಿಷದಲ್ಲಿ ಸರಿಯಾಯಿತು. ಹೇಳುವವರು ಮನೆಯಲ್ಲಿ ಇರಬೇಕು, ಅಷ್ಟೇ.

ಇದೆಲ್ಲ ಸಣ್ಣ ವಿಷಯ. ನಾನು ಬರೆಯಬೇಕಾದದ್ದು ಅತ್ತಿಗೆ ಬಗ್ಗೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕಿಲ್ಲ.

ಯುಗಾದಿಗೆ ಊರಿಗೆ ಹೋಗಿದ್ದೆ. ಹಬ್ಬದ ಮಾರನೇ ರಾತ್ರಿ ಎಲ್ಲರೂ ಮಲಗಿದ ಮೇಲೆ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆಗೆದೆ. ಅಷ್ಟು ಹೊತ್ತಿಗೆ ಎಲ್ಲಾ ವರ್ಷಗಳ ಮಳೆಯೂ ಡೇಟಾಬೇಸಿಗೆ ಹೋಗಿತ್ತು. ನಾಲ್ಕು ಸಾವಿರ ಸಾಲಿನ ಹತ್ತಿರ. ಹಳೇ ವರ್ಷಗಳದ್ದನ್ನು ಒಂದೊಂದಾಗಿ ನಾನೇ ಟೈಪ್ ಮಾಡಿದ್ದೆ. ಅವತ್ತು ನಕ್ಷತ್ರಕ್ಕೆ ಒಂದು ಕಾಲಂ ಜಾಸ್ತಿ ಮಾಡು ಅಂತ ಎಐಗೆ ಹೇಳಿದೆ. ಅದು ಒಂದೊಂದು ಹೆಜ್ಜೆಗೂ ಒಪ್ಪಿಗೆ ಕೇಳುತ್ತಿತ್ತು, ನಾನು ಓದದೆ ಹೂಂ ಅನ್ನುತ್ತಾ ಹೋದೆ. ಹಳೇ ಟೇಬಲ್ ಅಳಿಸಿ ಹೊಸದು ಕಟ್ಟಿತು. ಕಾಲಂ ಬಂದಿತ್ತು. ಮಳೆ ಇರಲಿಲ್ಲ. ಕೋಡ್ ಎಲ್ಲ, ಅದರ ಒಂದೊಂದು ಬದಲಾವಣೆಯನ್ನೂ ಕಾಯ್ದಿಡುವ ಗಿಟ್‌ನಲ್ಲಿ ಜೋಪಾನವಾಗಿತ್ತು, ಡೇಟಾ ಎಲ್ಲೂ ಇರಲಿಲ್ಲ. ಎಐ ತಪ್ಪಾಯಿತು ಅಂತ ಬರೆಯಿತು. ತಪ್ಪು ನನ್ನದು ಅಂತ ನನಗೆ ಗೊತ್ತಿತ್ತು.

ಪುಸ್ತಕಗಳು ಪಕ್ಕದಲ್ಲೇ ಇದ್ದವು. ಏನೂ ಪೂರ್ತಿ ಹೋಗಿರಲಿಲ್ಲ. ಆದರೂ ಆ ಹೊತ್ತಿನಲ್ಲಿ ನನಗೆ ಅನ್ನಿಸಿದ್ದು ಒಂದೇ: ಅಪ್ಪಯ್ಯ ಇನ್ನೊಂದು ಸಲ ಹೋದರು, ಈ ಸಲ ನನ್ನ ಕೈಯಿಂದ ಹೋದರು. ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

ಅತ್ತಿಗೆ ನೀರು ಕುಡಿಯಲು ಎದ್ದವರು ದೀಪ ನೋಡಿ ಬಂದರು. ಏನಾಯ್ತು ಅಂದರು. ಹೇಳಿದೆ. ಅವರು ಡೇಟಾಬೇಸ್ ಅಂದರೇನು ಅಂತ ಕೇಳಲಿಲ್ಲ.

"ಪುಸ್ತಕ ಇದಾವಲ್ಲ?"

"ಇದಾವೆ ಅತ್ತಿಗೆ."

"ಮತ್ತೆ ಯಾಕೆ ಅಳ್ತೀಯೆ? ನಾನು ಓದ್ತೀನಿ, ನೀನು ಬರಿ."

ಎರಡು ದಿನದಿಂದ ಹಬ್ಬದ ಕೆಲಸ ಮಾಡಿದವರು. ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆಯಬೇಕಾದವರು. ಒಳಗೆ ಹೋಗಿ ಜೀರಿಗೆ ಕಷಾಯ ಮಾಡಿಕೊಂಡು ಬಂದು ನನ್ನ ಎದುರು ಚಾಪೆ ಹಾಕಿಕೊಂಡು ಕೂತರು. ಬರುವಾಗ ಅಡುಗೆಮನೆಯಿಂದ ಇನ್ನೊಂದು ಪುಸ್ತಕ ತಂದಿದ್ದರು. ನಾನು ನೋಡಿರದ ಪುಸ್ತಕ. 2024ನೇ ಇಸವಿಯದ್ದು. ಅಪ್ಪಯ್ಯ ತೀರಿಕೊಂಡದ್ದು 2023ರ ಜುಲೈಯಲ್ಲಿ.

"ನಿಲ್ಲಿಸೋಕೆ ಮನಸ್ಸು ಬರ್ಲಿಲ್ಲ," ಅಂದರು. ಅಷ್ಟೇ ಹೇಳಿ ಓದಲು ಶುರು ಮಾಡಿದರು.

ಕೈಗೆ ಮೊದಲು ಸಿಕ್ಕಿದ್ದು ಅದೇ ಆದ್ದರಿಂದ ಹೊಸದರಿಂದ ಹಳೆಯದಕ್ಕೆ ಹೋದೆವು. ಅವರಿಗೆ ಎಲ್ಲೂ ತಡವರಿಕೆ ಇಲ್ಲ. ಪಕ್ಕದಲ್ಲಿರುವ ಗುರುತುಗಳೂ ಗೊತ್ತು. 'ಗು' ಅಂದರೆ ಗುಡುಗು. 'ಹೊ' ಅಂದರೆ ಹೊಳವು, ಮಳೆ ಬಿಡುವು ಕೊಟ್ಟ ಹೊತ್ತು. 'ಔ' ಅಂದರೆ ಅವತ್ತು ತೋಟಕ್ಕೆ ಔಷಧಿ ಹೊಡೆಸಿದ್ದು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮಳೆ ಹಿಡಿಯುವ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಹೊಳವು ನೋಡಿ ಇನ್ನೊಂದು ಸಲ. ಆ ಹೊಳವು ಸಿಗದೆ ದಿನ ಮುಂದೆ ಹೋದರೆ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ ಬಿಡುವುದಿಲ್ಲ. ಕೊಳೆ ಬಂದ ವರ್ಷಗಳಲ್ಲಿ ಆ ಎರಡು 'ಔ'ಗಳ ನಡುವೆ ಎಷ್ಟು ದೂರ ಇದೆ ಅಂತ ಅತ್ತಿಗೆ ಬೆರಳಿಟ್ಟು ತೋರಿಸಿದರು. ಈಗ ಆ್ಯಪ್ ಔಷಧಿ ಹೊಡೆದ ದಿನದಿಂದ ಎಣಿಸುತ್ತಾ ಬರುತ್ತದಲ್ಲ, ಅದು ಹುಟ್ಟಿದ್ದು ಆ ರಾತ್ರಿ, ಆ ಬೆರಳಿನಿಂದ.

2023ರ ಜುಲೈ ಪುಟ ಬಂತು. ಪುಷ್ಯ ಮಳೆ. ಅಪ್ಪಯ್ಯ ಹೋದದ್ದು ಬೆಳಗಿನ ಜಾವ ನಾಲ್ಕು ಗಂಟೆಗೆ. ನಾನು ಬೆಂಗಳೂರಿಂದ ಬರುವಷ್ಟರಲ್ಲಿ ಮಧ್ಯಾಹ್ನ. ಆ ದಿನದ ಸಾಲು ಖಾಲಿ ಇರುತ್ತದೆ ಅಂದುಕೊಂಡಿದ್ದೆ. ಖಾಲಿ ಇರಲಿಲ್ಲ. ಅತ್ತಿಗೆ ಓದಿದರು: "೮೩."

ನಾನು ಟೈಪ್ ಮಾಡಲಿಲ್ಲ. ಯಾರು ಅಳೆದರು ಅಂತ ಕೇಳಿದೆ.

"ನಾನೇ. ಜನ ಎಲ್ಲಾ ಬರ್ತಾ ಇದ್ರು. ಎಂಟೂವರೆ ಆಯ್ತಲ್ಲ, ಸುಮ್ನೆ ಹೋಗಿ ನೋಡ್ದೆ. ಮಾವ ಇರುವಾಗ ಬಿದ್ದ ಮಳೆ ಅಲ್ವೇನೇ ಅದು. ಚೆಲ್ಲೋಕಾಗ್ತದಾ?"

ಹಿಂದಿನ ದಿನ ಎಂಟೂವರೆಯಿಂದ ಬಿದ್ದ ಮಳೆ. ಅಪ್ಪಯ್ಯ ಮಲಗಿದಲ್ಲೇ ಹೆಂಚಿನ ಮೇಲೆ ಕೇಳಿಸಿಕೊಂಡ ಕೊನೆಯ ಮಳೆ. ಅದಕ್ಕೆ ಒಂದು ಅಂಕಿ ಇದೆ. 83 ಮಿ.ಮೀ.

ಆಗ ಆ ಪುಟವನ್ನು ಸರಿಯಾಗಿ ನೋಡಿದೆ. ದುಂಡು ಅಕ್ಷರ. ಅಪ್ಪಯ್ಯನದು ಬಲಕ್ಕೆ ವಾಲಿದ ಅಕ್ಷರ. ಹಿಂದಿನ ಪುಟ ತಿರುಗಿಸಿದೆ, ಅಲ್ಲೂ ದುಂಡು. 2022, 2021, 2020, ಎಲ್ಲ ದುಂಡು. ಕೊನೆಗೆ 2019ರ ಆಗಸ್ಟ್ ಮೊದಲ ವಾರದಲ್ಲಿ ವಾಲಿದ ಅಕ್ಷರ ನಿಂತು ದುಂಡು ಅಕ್ಷರ ಶುರುವಾಗಿದೆ. ಆಶ್ಲೇಷ ಮಳೆಗೆ ಮಲೆನಾಡೆಲ್ಲ ಮುಳುಗಿದ ವಾರ ಅದು. ಆ ಮಳೆಯಲ್ಲಿ ಅಪ್ಪಯ್ಯ ಅಂಗಳದಲ್ಲಿ ಜಾರಿ ಬಿದ್ದಿದ್ದರಂತೆ. ಬೆಂಗಳೂರಿಗೆ ಹೇಳಬೇಡಿ, ಹೆದರ್ತಾಳೆ ಅಂದಿದ್ದರಂತೆ. ಆಮೇಲೆ ಕೈ ನಡುಕವೂ ಜಾಸ್ತಿಯಾಯಿತು. ಮಾಪಕ ತುಂಬಿ ಹೊರಗೆ ಹೋದರೆ ಲೆಕ್ಕ ತಪ್ಪುತ್ತದೆ ಅಂತ ಅತ್ತಿಗೆ ನಡುರಾತ್ರಿ ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ ಅಳೆದು ಖಾಲಿ ಮಾಡಿ ಬರುತ್ತಿದ್ದರು. ಅಪ್ಪಯ್ಯ ಜಗಲಿಯಿಂದ ಟಾರ್ಚ್ ಹಿಡಿಯುತ್ತಿದ್ದರು.

ನಾಲ್ಕು ವರ್ಷ. ನಾನು ಪ್ರತಿ ಹಬ್ಬಕ್ಕೂ ಹೋಗಿ ಬಂದಿದ್ದೇನೆ. ಒಂದು ದಿನವೂ ಆ ಪುಸ್ತಕ ತೆರೆದು ನೋಡಿರಲಿಲ್ಲ. ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಇದು: ಆ ನಾಲ್ಕು ವರ್ಷದ ಪುಟಗಳ ಫೋಟೋ ತೆಗೆದು ಎಐಗೆ ಕೊಟ್ಟಿದ್ದೆ, ಅದು ಒಂದು ತಪ್ಪೂ ಇಲ್ಲದೆ ಓದಿತ್ತು. ಈ ವರ್ಷಗಳು ಇಷ್ಟು ಚೆನ್ನಾಗಿ ಹೇಗೆ ಬಂದವು ಅಂತ ಖುಷಿಪಟ್ಟಿದ್ದೆ. ಅಕ್ಷರ ಬೇರೆ ಆದದ್ದಕ್ಕೆ ಅಂತ ಹೊಳೆಯಲೇ ಇಲ್ಲ. ಅಪ್ಪಯ್ಯನ ಅಕ್ಷರ ನಂಗೆ ಗೊತ್ತು ಅಂತ ತಿಳಿದುಕೊಂಡಿದ್ದೆ.

ಆಗ ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಅತ್ತಿಗೆ ಸಮಾಧಾನ ಮಾಡಲಿಲ್ಲ. ಪುಟದ ಮೇಲೆ ಬೆರಳಿಟ್ಟುಕೊಂಡು ಕಾದರು. ಆಮೇಲೆ ಮೆಲ್ಲಗೆ, "ಎಂಬತ್ಮೂರು. ಬರ್ಕೊಂಡ್ಯಾ?" ಅಂದರು. ಬರೆದುಕೊಂಡೆ.

ಬೆಳಗಿನ ನಾಲ್ಕೂವರೆಗೆ 2016ರವರೆಗೆ ಬಂದಿದ್ದೆವು. ಒಂಬತ್ತು ವರ್ಷ. ಅತ್ತಿಗೆ ಮಲಗಲೇ ಇಲ್ಲ, ಹಾಗೇ ಎದ್ದು ಕೊಟ್ಟಿಗೆಗೆ ಹೋದರು. ಉಳಿದ 24 ವರ್ಷ ಬೆಂಗಳೂರಿಗೆ ಬಂದ ಮೇಲೆ ಫೋನಿನಲ್ಲಿ ಆಯಿತು. ರಾತ್ರಿ ಪಾತ್ರೆ ತೊಳೆದು, ಸ್ಪೀಕರ್ ಹಾಕಿಕೊಂಡು ಓದುತ್ತಿದ್ದರು. 17 ರಾತ್ರಿ. ನಡುನಡುವೆ ನಿಲ್ಲಿಸಿ, ಆ ವರ್ಷ ಯಾವ ಹಸು ಕರು ಹಾಕಿತು, ಯಾವ ಕಡೆ ಧರೆ ಕುಸಿಯಿತು ಅಂತ ಹೇಳುತ್ತಿದ್ದರು. ಅವರು ನಮ್ಮನೆಗೆ ಬರುವ ಮೊದಲಿನ ವರ್ಷಗಳು ಬಂದಾಗ ಹೇಳುವ ಸರದಿ ನನ್ನದಾಯಿತು. ನನಗೆ ಅಷ್ಟು ನೆನಪಿರಲಿಲ್ಲ. ಅಮ್ಮನನ್ನು ಕರೆಯುತ್ತಿದ್ದೆವು.

ಅತ್ತಿಗೆ, ನಿಮಗೆ ಎದುರು ಹೇಳಲು ಹೋದರೆ ಮಾತು ತಿರುಗಿಸುತ್ತೀರಿ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ. ನಾನು ಇಲ್ಲದ ಹೊತ್ತಿನಲ್ಲಿ ಅಪ್ಪಯ್ಯನ ಜೊತೆ ನೀವಿದ್ದಿರಿ. ಅವರಿಗೆ ಅನ್ನ, ಮಾತ್ರೆ ಕೊಟ್ಟಿರಿ ಅಂತ ಗೊತ್ತಿತ್ತು, ಅದಕ್ಕೆ ಋಣಿಯಾಗಿದ್ದೆ. ಅವರಿಗೆ ಎಲ್ಲಕ್ಕಿಂತ ಪ್ರೀತಿಯದಾದ ಒಂದು ಕೆಲಸವನ್ನೂ ಅವರ ಕೈ ಸೋತಾಗ ಕೈಗೆತ್ತಿಕೊಂಡಿರಿ, ಯಾರಿಗೂ ಹೇಳದೆ ನಡೆಸಿದಿರಿ. ಅದು ನನಗೆ ಗೊತ್ತಿರಲಿಲ್ಲ. ನನ್ನನ್ನು ಕ್ಷಮಿಸಿ. ಮತ್ತು ಆ ರಾತ್ರಿ ಎದ್ದು ಬಂದದ್ದಕ್ಕೆ ಏನು ಹೇಳಬೇಕೋ ಅದಕ್ಕೆ ನನ್ನ ಹತ್ತಿರ ಮಾತಿಲ್ಲ.

ಈಗ ದಿನಾ ರಾತ್ರಿ ಡೇಟಾ ಎರಡು ಕಡೆ ಕಾಪಿ ಆಗುತ್ತದೆ. ಎಐ ಏನು ಮಾಡಲು ಹೊರಟರೂ ಓದಿ ಆಮೇಲೆ ಹೂಂ ಅನ್ನುತ್ತೇನೆ. ಹೊಸದಾಗಿ ಸೇರಿರುವ ಐವತ್ತು ಮನೆಯವರಿಗೆ ಒಂದು ಕೋರಿಕೆ. ಆ್ಯಪಿನಲ್ಲಿ 'ಅಳೆದವರು' ಅಂತ ಒಂದು ಕಾಲಂ ಇದೆ, ಅದನ್ನು ಖಾಲಿ ಬಿಡಬೇಡಿ. ಮನೆ ಯಜಮಾನರ ಹೆಸರು ಬೇಡ, ಆ ದಿನ ಮಳೆಯಲ್ಲಿ ಅಂಗಳಕ್ಕೆ ಹೋದವರ ಹೆಸರು ಹಾಕಿ. ನಮ್ಮನೆಯ ಲೆಕ್ಕದಲ್ಲಿ 2019ರ ಆಗಸ್ಟ್‌ನಿಂದ ಮುಂದೆ ಅಲ್ಲಿ ಅತ್ತಿಗೆ ಅಂತಿದೆ. "ಅದೆಲ್ಲ ಯಾಕೆ ಮಾರಾಯ್ತಿ" ಅಂದರು. ತೆಗೆಯಲಿಲ್ಲ.

ಪುನರ್ವಸು ಮಳೆ ನಡೆಯುತ್ತಿದೆ. ಬರೆಯುತ್ತಾ ಬರೆಯುತ್ತಾ ಬೆಳಗಾಯಿತು. ಈಗಷ್ಟೇ ಫೋನ್ ಸದ್ದು ಮಾಡಿತು, ಎಂಟು ಮೂವತ್ತೆರಡು. ಅತ್ತಿಗೆ 12 ಮಿ.ಮೀ. ಹಾಕಿದ್ದಾರೆ. ಪಕ್ಕದಲ್ಲಿ 'ಹೊ' ಅಂತ ಬರೆದಿದ್ದಾರೆ. ಎರಡನೇ ಔಷಧಿಗೆ ಇವತ್ತು ಆಳು ಹೇಳಿರಬೇಕು.